ಪಾಪ್‌ಅಪ್ ಕ್ಯಾಂಪರ್‌ನ ಛಾವಣಿ ಎತ್ತಲು ಡ್ರಿಲ್ ಬಳಸಬಹುದೇ?

ಅಮೆರಿಕದಲ್ಲಿ ಹಳೆಯ ಪಾಪ್‌ಅಪ್ ಕ್ಯಾಂಪರ್, ಅಂದರೆ ಕಾರಿನ ಹಿಂದೆ ಎಳೆದೊಯ್ದು, ನಿಂತಲ್ಲಿ ಛಾವಣಿ ಎತ್ತಿ ತಂಗುವ ಮಡಿಚುವ ಗಾಡಿ, ಕೊಂಡ ಕನ್ನಡಿಗರು ಬೇಸಿಗೆ ಹತ್ತಿರವಾದಂತೆ ಪದೇ ಪದೇ ಕೇಳುವ ಪ್ರಶ್ನೆ ಇದು: "ಹಿಡಿಕೆ ತಿರುಗಿಸಿ ತಿರುಗಿಸಿ ಭುಜ ಬಿದ್ದುಹೋಗುತ್ತದೆ. ಮನೆಯಲ್ಲಿ ಬ್ಯಾಟರಿ ಡ್ರಿಲ್ ಇದೆ. ಅದನ್ನೇ ಸಿಕ್ಕಿಸಿ ಛಾವಣಿ ಎತ್ತಬಹುದೇ?"

ಎತ್ತಬಹುದು. ಆದರೆ ಎಲ್ಲ ಗಾಡಿಗಳಲ್ಲೂ ಅಲ್ಲ, ಕೈಗೆ ಸಿಕ್ಕ ಯಾವ ಉಪಕರಣದಿಂದಲಾದರೂ ಅಲ್ಲ. ಎತ್ತುವಾಗ ಮೊದಲ ಮತ್ತು ಕೊನೆಯ ಸುತ್ತುಗಳು ಕೈಯಿಂದಲೇ ಆಗಬೇಕು, ಡ್ರಿಲ್ ನಡುವೆ ಮಾತ್ರ. ಇಳಿಸುವಾಗ ಡ್ರಿಲ್ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟು ಬಿಗಿ ಏಕೆ? ಕೈಯಿಂದ ತಿರುಗಿಸುವಾಗ ಒಂದು ಮೂಲೆಯ ಕಂಬ ಸಿಕ್ಕಿಕೊಂಡರೆ ಅಥವಾ ಒಂದು ಚಿಲಕ ತೆಗೆಯುವುದು ಮರೆತುಹೋಗಿದ್ದರೆ ಹಿಡಿಕೆ ಬಿಗಿಯಾಗುತ್ತದೆ, ನೀವು ತಾನಾಗಿ ನಿಲ್ಲಿಸುತ್ತೀರಿ. ವೈದ್ಯರು ನಾಡಿ ಹಿಡಿದು ನೋಡುವ ಹಾಗೆ ನಿಮ್ಮ ಕೈ ಇಡೀ ಯಂತ್ರವನ್ನು ನೋಡುತ್ತಿರುತ್ತದೆ. ಡ್ರಿಲ್‌ಗೆ ಆ ಅರಿವಿಲ್ಲ. ಗುಂಡಿ ಒತ್ತಿರುವಷ್ಟು ಹೊತ್ತೂ ಅದು ತಿರುಗುತ್ತದೆ, ಏನಾದರೊಂದು ಬಾಗುವವರೆಗೂ ತಿರುಗುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಕಳೆದುಕೊಂಡ ಆ ಅರಿವನ್ನು ಬೇರೆ ದಾರಿಯಿಂದ ತಂದುಕೊಳ್ಳುವ ಉಪಾಯಗಳು.

ಒಂದು ಸ್ಪಷ್ಟನೆ. ಇಲ್ಲಿ ಹೇಳುತ್ತಿರುವುದು ನಾಲ್ಕು ಮೂಲೆಯ ಕಂಬಗಳ ಮೇಲೆ ಗಟ್ಟಿ ಛಾವಣಿ ಏಳುವ, ಬದಿಗೆ ಕ್ಯಾನ್ವಾಸ್ ಗೋಡೆಯಿರುವ, ಹಿಡಿಕೆ ತಿರುಗಿಸಿ ಎತ್ತುವ ಗಾಡಿಗಳ ಬಗ್ಗೆ. ತ್ರಿಕೋನಾಕಾರದಲ್ಲಿ ತೆರೆದುಕೊಳ್ಳುವ ಎ-ಫ್ರೇಮ್ ಕ್ಯಾಂಪರ್‌ಗಳಲ್ಲಿ ಛಾವಣಿಯನ್ನು ಕೈಯಿಂದ ತಳ್ಳಿ ಎತ್ತುವುದರಿಂದ ಅವುಗಳಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ಛಾವಣಿ ಮೇಲೇಳುವುದು ಹೇಗೆ

ಹಿಡಿಕೆಯನ್ನು ಸಿಕ್ಕಿಸುವ ಜಾಗದ ಹಿಂದೆ ವಿಂಚ್ ಇರುತ್ತದೆ. ಹಲ್ಲುಚಕ್ರಗಳ ನೆರವಿನಿಂದ ಉಕ್ಕಿನ ಕೇಬಲ್ಲನ್ನು ಉರುಳೆಗೆ ಸುತ್ತಿಕೊಳ್ಳುವ ಸಾಧನ ಅದು. ಅಲ್ಲಿಂದ ಒಂದು ಕೇಬಲ್ ಗಾಡಿಯ ತಳಕ್ಕೆ ಹೋಗಿ, ಅಲ್ಲಿ ನಾಲ್ಕು ಮೂಲೆಗಳಿಗೆ ನಾಲ್ಕು ಕವಲಾಗುತ್ತದೆ. ಒಂದರೊಳಗೊಂದು ಸೇರಿದ ಕೊಳವೆಗಳಂತಿರುವ ಕಂಬಗಳು ಹೊರಚಾಚಿಕೊಂಡು ಛಾವಣಿಯನ್ನು ಎತ್ತುತ್ತವೆ. ಕೆಲವು ಗಾಡಿಗಳಲ್ಲಿ ಕೇಬಲ್ಲೇ ರಾಟೆಗಳ ಮೂಲಕ ಕಂಬವನ್ನು ಎಳೆಯುತ್ತದೆ. ಇಂಡಿಯಾನಾ ರಾಜ್ಯದ ಗೋಶೆನ್ ಊರಿನ ಹೆಸರಿನಲ್ಲಿ ಇದಕ್ಕೆ ಗೋಶೆನ್ ಲಿಫ್ಟ್ ಎನ್ನುತ್ತಾರೆ. ಕೋಲ್‌ಮನ್ ಕಂಪನಿಯ ಹಳೆಯ ಗಾಡಿಗಳಲ್ಲಿ ಕೇಬಲ್ ಒಂದು ಉದ್ದನೆಯ ಗಟ್ಟಿ ಸ್ಪ್ರಿಂಗನ್ನು ನೂಕಿ, ಆ ಸ್ಪ್ರಿಂಗ್ ಕಂಬವನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಬಿಡಿಭಾಗ ಕೊಳ್ಳುವಾಗ ನಿಮ್ಮದು ಯಾವ ಬಗೆ ಎಂದು ಗೊತ್ತಿರಬೇಕು.

ಹಿಡಿಕೆಯಿಂದ ಛಾವಣಿ ಎತ್ತುವ ಪದ್ಧತಿ ಹಳೆಯದು. 1968ರಲ್ಲಿ ಇಂಡಿಯಾನಾದ ಮಿಡಲ್‌ಬರಿಯಲ್ಲಿ ಕ್ಯಾಂಪರ್ ತಯಾರಿಸುವ ಜೇಕೊ ಕಂಪನಿ ಆರಂಭಿಸಿದ ಲಾಯ್ಡ್ ಬಾಂಟ್ರೇಗರ್ ಇಂಥದೊಂದು ಎತ್ತುವ ವ್ಯವಸ್ಥೆಗೆ ಪೇಟೆಂಟ್ ಪಡೆದವರು. ಅದನ್ನು ರೂಪಿಸಿದ್ದು ಮನುಷ್ಯನ ತೋಳಿಗಾಗಿ.

ಆ ತೋಳಿನ ಲೆಕ್ಕ ನೋಡಿ. ಹಿಡಿಕೆಯ ಉದ್ದ ಸುಮಾರು 20 ಸೆಂಟಿಮೀಟರ್ ಇದ್ದು ನೀವು 10 ಕಿಲೋ ಭಾರದಷ್ಟು ಬಲ ಹಾಕಿದರೆ, ವಿಂಚಿನ ಮೇಲೆ ಬೀಳುವ ಟಾರ್ಕ್, ಅಂದರೆ ತಿರುಚುವ ಬಲ, ಸುಮಾರು 20 ನ್ಯೂಟನ್-ಮೀಟರ್. ಸಾಧಾರಣ 18 ವೋಲ್ಟ್ ಡ್ರಿಲ್ 50ರಿಂದ 60 ನ್ಯೂಟನ್-ಮೀಟರ್ ಕೊಡಬಲ್ಲದು; ದೊಡ್ಡ ಮಾದರಿಗಳು ನೂರನ್ನೂ ದಾಟುತ್ತವೆ. ಡ್ರಿಲ್‌ಗೆ ಶಕ್ತಿ ಸಾಕಾಗುತ್ತದೆಯೇ ಎಂದು ಕೇಳುವವರೇ ಹೆಚ್ಚು. ಶಕ್ತಿ ಹೆಚ್ಚಾಗುವುದೇ ಇಲ್ಲಿನ ತೊಂದರೆ.

ಬೇಕಾಗುವ ಸಾಮಾನು

ಡ್ರಿಲ್: ಅರ್ಧ ಇಂಚಿನ ಚಕ್ ಇರುವ, ಎರಡು ವೇಗದ, ಕ್ಲಚ್ ಇರುವ ಬ್ಯಾಟರಿ ಡ್ರಿಲ್. ಚಕ್ ಎಂದರೆ ಮುಂಭಾಗದಲ್ಲಿ ಬಿಟ್ ಹಿಡಿದುಕೊಳ್ಳುವ ಬಾಯಿ. ಕ್ಲಚ್ ಎಂದರೆ ಅದರ ಹಿಂದೆ ಅಂಕಿಗಳಿರುವ ಉಂಗುರ. ನೀವು ಇಟ್ಟ ಮಿತಿಗಿಂತ ಹೆಚ್ಚು ಬಲ ಬೇಕಾದಾಗ ಅದು ಕಟಕಟ ಎಂದು ಜಾರಿ ತಿರುಗುವಿಕೆಯನ್ನು ನಿಲ್ಲಿಸುತ್ತದೆ. ಪೆಟ್ಟಿಗೆಯ ಮೇಲೆ 18 ವೋಲ್ಟ್ ಎಂದಿದ್ದರೂ 20 ವೋಲ್ಟ್ ಮ್ಯಾಕ್ಸ್ ಎಂದಿದ್ದರೂ ಒಳಗೆ ಒಂದರ ಹಿಂದೊಂದು ಜೋಡಿಸಿರುವುದು ಐದೇ ಲಿಥಿಯಂ ಕೋಶಗಳು. ಪೂರ್ಣ ಚಾರ್ಜ್ ಆದಾಗಿನ ವೋಲ್ಟೇಜನ್ನು ಬರೆದರೆ 20, ಸರಾಸರಿಯನ್ನು ಬರೆದರೆ 18. ಅಂಕಿ ದೊಡ್ಡದೆಂದು ಹೆಚ್ಚು ಹಣ ಕೊಡಬೇಡಿ.

ಪಕ್ಕದ ಹಿಡಿ: ಡ್ರಿಲ್‌ನ ಕುತ್ತಿಗೆಗೆ ಅಡ್ಡಲಾಗಿ ಜೋಡಿಸುವ ಎರಡನೆಯ ಹಿಡಿ. ಹಲವರು ಇದನ್ನು ಡಬ್ಬಿಯಲ್ಲೇ ಬಿಟ್ಟಿರುತ್ತಾರೆ. ವಿಂಚ್ ಸಿಕ್ಕಿಕೊಂಡಾಗ ತಿರುಗುವುದು ಡ್ರಿಲ್‌ನ ದೇಹ, ಅದರೊಡನೆ ನಿಮ್ಮ ಮಣಿಕಟ್ಟು. 60 ನ್ಯೂಟನ್-ಮೀಟರ್ ಬಲವನ್ನು 20 ಸೆಂಟಿಮೀಟರ್ ದೂರದಲ್ಲಿ ತಡೆಯಲು ಸುಮಾರು 30 ಕಿಲೋ ಭಾರ ಹಿಡಿದಷ್ಟು ಶ್ರಮ ಬೇಕು. ಅದೂ ಮುನ್ಸೂಚನೆಯಿಲ್ಲದೆ ಬರುತ್ತದೆ.

ಅಡಾಪ್ಟರ್: ವಿಂಚಿನ ದಂಡಕ್ಕೂ ಚಕ್‌ಗೂ ನಡುವಿನ ಕೊಂಡಿ. ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು ಇಲ್ಲಿ. ಕೆಲವು ವಿಂಚ್‌ಗಳ ದಂಡದ ತುದಿ ಆರು ಮುಖದ್ದು. ಕೆಲವದರಲ್ಲಿ ದಂಡಕ್ಕೆ ಅಡ್ಡಲಾಗಿ ಒಂದು ಪಿನ್ ಇದ್ದು ಹಿಡಿಕೆಯ ತುದಿಯಲ್ಲಿ ಅದಕ್ಕೆ ತಕ್ಕ ಸೀಳು ಇರುತ್ತದೆ. ಅಂಗಡಿಯಲ್ಲಿ "ಕ್ಯಾಂಪರ್ ಡ್ರಿಲ್ ಸಾಕೆಟ್" ಎಂದು ಮಾರುವುದು ಬಹುಪಾಲು ಮುಕ್ಕಾಲು ಇಂಚಿನ ಆರು ಮುಖದ ಸಾಕೆಟ್. ಅದು ಗಾಡಿಯ ಮೂಲೆಗಳಲ್ಲಿರುವ ಜಾಕ್‌ಗಳಿಗೆ, ಛಾವಣಿಯ ವಿಂಚಿಗಲ್ಲ. ಮೊದಲು ಅಳೆಯಿರಿ, ಆಮೇಲೆ ಕೊಳ್ಳಿರಿ. ಪಿನ್ ಇರುವ ಬಗೆಯಾದರೆ ನಿಮ್ಮ ಮಾದರಿಯದೇ ಎರಡನೆಯ ಹಿಡಿಕೆಯೊಂದನ್ನು ಕೊಂಡು, ಬಾಗಿದ ಭಾಗ ಕತ್ತರಿಸಿ, ನೆಟ್ಟಗಿರುವ ತುಂಡನ್ನು ಬಳಸುವುದುಂಟು. ದುಂಡಗಿನ ದಂಡ ಮೂರು ಹಲ್ಲಿನ ಚಕ್‌ನಲ್ಲಿ ಜಾರುತ್ತದೆ. ಅರದಿಂದ ಮೂರು ಕಡೆ ಚಪ್ಪಟೆ ಮಾಡಿಕೊಳ್ಳಬೇಕು. ಗಾಡಿಯೊಡನೆ ಬಂದ ಹಿಡಿಕೆಯನ್ನು ಮಾತ್ರ ಕತ್ತರಿಸಬೇಡಿ. ಕಾಲು ಇಂಚಿನ ತೆಳು ದಂಡದ ಅಡಾಪ್ಟರ್‌ಗಳೂ ಬೇಡ, ಭಾರಕ್ಕೆ ತಿರುಚಿ ಮುರಿಯುತ್ತವೆ.

ಇವುಗಳ ಜೊತೆಗೆ ರಸಮಟ್ಟ, ಚಕ್ರಕ್ಕೆ ಇಡುವ ಅಡೆಗಳು, ದಪ್ಪ ಕೈಗವಸು, ಸಿಲಿಕೋನ್ ಸ್ಪ್ರೇ, ಅಳಿಸದ ಶಾಯಿಯ ಪೆನ್ನು.

ಇಂಪ್ಯಾಕ್ಟ್ ಡ್ರೈವರ್ ಮತ್ತು ಇಂಪ್ಯಾಕ್ಟ್ ರೆಂಚ್ ಈ ಪಟ್ಟಿಯಲ್ಲಿ ಇಲ್ಲ. ಅವು ಎಡೆಬಿಡದೆ ಸುತ್ತಿಗೆಯ ಏಟು ಕೊಡುತ್ತಾ ತಿರುಗುತ್ತವೆ. ತುಕ್ಕು ಹಿಡಿದ ನಟ್ಟು ಬಿಚ್ಚಲು ಸರಿ. ವಿಂಚಿನ ಹಲ್ಲುಗಳು, ಪಿನ್ನು, ಬೆಸುಗೆ ಯಾವುದೂ ಆ ಏಟಿಗಾಗಿ ಮಾಡಿದ್ದಲ್ಲ. ಅವುಗಳಲ್ಲಿ ಡ್ರಿಲ್‌ನ ಹಾಗೆ ಜಾರುವ ಕ್ಲಚ್ ಸಾಮಾನ್ಯವಾಗಿ ಇರುವುದಿಲ್ಲ. ಸಾಲದ್ದಕ್ಕೆ, ಕತ್ತಲಾದ ಮೇಲೆ ಕ್ಯಾಂಪ್‌ಗ್ರೌಂಡಿನಲ್ಲಿ ಅದರ ಕಿರುಚಾಟ ಕೇಳಿದ ಪಕ್ಕದವರು ಮಾರನೆಯ ದಿನ ನಿಮ್ಮೊಡನೆ ಮಾತನಾಡುವುದಿಲ್ಲ.

ಹಂತ ಹಂತವಾಗಿ

1. ವಿಂಚಿನ ಕೈಪಿಡಿ ಓದಿ. ಗಾಡಿಯದಲ್ಲ, ವಿಂಚಿನದು. ಅದರ ಮೈಮೇಲೆ ಮಾದರಿಯ ಸಂಖ್ಯೆ ಇರುತ್ತದೆ. ಹಲವು ಕೈವಿಂಚ್‌ಗಳ ಸೂಚನೆಯಲ್ಲಿ "ಮೋಟಾರಿನಿಂದ ತಿರುಗಿಸಬಾರದು" ಎಂದು ನೇರವಾಗಿ ಬರೆದಿರುತ್ತದೆ. ಹಾಗಿದ್ದರೆ ಛಾವಣಿಯ ಮಟ್ಟಿಗೆ ಡ್ರಿಲ್ ವಿಚಾರ ಅಲ್ಲಿಗೆ ಮುಗಿಯಿತು. ಡ್ರಿಲ್‌ನಿಂದಲೇ ತಿರುಗಿಸಲೆಂದು ಮಾಡಿದ, ಆರು ಮುಖದ ದಂಡವಿರುವ ವರ್ಮ್ ಗೇರ್ ವಿಂಚ್‌ಗಳು ದೊರೆಯುತ್ತವೆ. ವರ್ಮ್ ಗೇರ್ ಎಂದರೆ ಸ್ಕ್ರೂವಿನಂಥ ದಂಡವೊಂದು ಹಲ್ಲುಚಕ್ರವನ್ನು ತಿರುಗಿಸುವ ಜೋಡಣೆ; ದಂಡ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ದಂಡವನ್ನು ತಿರುಗಿಸಲಾರದು. ಆದ್ದರಿಂದ ಭಾರ ತಾನಾಗಿ ಕೆಳಗಿಳಿಯುವುದಿಲ್ಲ. ನಿಮ್ಮ ಗಾಡಿಗೆ ಹೊಂದುವ, ಅಷ್ಟು ಭಾರಕ್ಕೆ ತಕ್ಕ ಮಾದರಿಯನ್ನು ಬಲ್ಲವರಿಂದ ಹಾಕಿಸಿಕೊಳ್ಳುವುದು ಸರಿಯಾದ ದಾರಿ.

2. ಬ್ರೇಕ್ ಇದೆಯೇ ಎಂದು ಪರೀಕ್ಷಿಸಿ. ಛಾವಣಿಯನ್ನು ಕೈಯಿಂದ ಒಂದು ಗೇಣು ಮಾತ್ರ ಎತ್ತಿ, ಹಿಡಿತವನ್ನು ನಿಧಾನವಾಗಿ ಸಡಿಲಿಸಿ. ಹಿಡಿಕೆ ನಿಂತಲ್ಲೇ ನಿಂತರೆ ಬ್ರೇಕ್ ಕೆಲಸ ಮಾಡುತ್ತಿದೆ. ಹಿಂದಕ್ಕೆ ತಿರುಗಲು ಹವಣಿಸಿದರೆ ಅದು ಬ್ರೇಕ್ ಇಲ್ಲದ ಹಳೆಯ ಬಗೆ, ಇಲ್ಲವೇ ಬ್ರೇಕ್ ಸವೆದಿದೆ. ಅಂಥದ್ದಕ್ಕೆ ಡ್ರಿಲ್ ಹಾಕಬೇಡಿ. ಕೈತಪ್ಪಿ ತಿರುಗುವ ಹಿಡಿಕೆ ಮೂಳೆ ಮುರಿಯುವಷ್ಟು ಜೋರಾಗಿ ಬಡಿಯುತ್ತದೆ. ಬ್ರೇಕ್ ಇರುವ ವಿಂಚ್‌ಗಳಲ್ಲಿ ಎತ್ತುವಾಗ ಟಿಕ್ ಟಿಕ್ ಸದ್ದು ಬರುತ್ತದೆ, ಹಲ್ಲುಗಳ ಮೇಲೆ ಕೊಕ್ಕೆ ಬೀಳುವ ಸದ್ದು ಅದು. ಆ ಸದ್ದನ್ನು ಕಿವಿಗೆ ರೂಢಿ ಮಾಡಿಕೊಳ್ಳಿ.

3. ಕೇಬಲ್ ಮತ್ತು ಕಂಬ ನೋಡಿ. ಕೇಬಲ್‌ನ ಎಳೆಗಳು ಕಿತ್ತು ಮುಳ್ಳಿನಂತೆ ಎದ್ದಿದ್ದರೆ, ಎಲ್ಲಾದರೂ ಚಪ್ಪಟೆಯಾಗಿದ್ದರೆ, ಅದನ್ನು ಬದಲಿಸುವವರೆಗೂ ಛಾವಣಿ ಎತ್ತಬೇಡಿ. ಸವರಿ ನೋಡುವಾಗ ಕೈಗವಸು ಇರಲಿ. ಕಂಬಗಳಿಗೆ ಒಣಗುವ ಬಗೆಯ ಸಿಲಿಕೋನ್ ಸ್ಪ್ರೇ ಸಾಕು. ದಪ್ಪ ಗ್ರೀಸ್ ಹಚ್ಚಿದರೆ ದಾರಿಯ ಧೂಳೆಲ್ಲ ಅಂಟಿಕೊಂಡು ಉಜ್ಜುಕಾಗದದಂತೆ ಆಗುತ್ತದೆ. ವಿಂಚಿನ ಬ್ರೇಕ್ ಬಿಲ್ಲೆಗಳ ಮೇಲೆ ಎಣ್ಣೆಯ ಹನಿಯೂ ಬೀಳಬಾರದು.

4. ಗಾಡಿಯನ್ನು ನಿಲ್ಲಿಸಿ. ಮೊದಲು ಎಡಬಲ ಸಮ ಮಾಡಿ, ಚಕ್ರಗಳಿಗೆ ಅಡೆ ಇಟ್ಟು, ಕಾರಿನಿಂದ ಬಿಡಿಸಿ, ಆಮೇಲೆ ಮುಂದೆ ಹಿಂದೆ ಸಮ ಮಾಡಿ. ರಸಮಟ್ಟ ಇಟ್ಟು ನೋಡಿ, ಕಣ್ಣಳತೆ ಸಾಲದು. ಓರೆ ನಿಂತ ಗಾಡಿಯಲ್ಲಿ ಕಂಬಗಳು ಕೊಳವೆಯೊಳಗೆ ಉಜ್ಜಿಕೊಂಡೇ ಏಳುತ್ತವೆ.

ನಂತರ ಮೂಲೆಯ ಸ್ಥಿರಕ ಜಾಕ್‌ಗಳು. ಡ್ರಿಲ್ ನಿಜವಾಗಿ ಸಾರ್ಥಕವಾಗುವುದು ಇಲ್ಲಿ. ನಾಲ್ಕು ಮೂಲೆಗೂ ಬಗ್ಗಿ ಕುಳಿತು ತಿರುಗಿಸುವ ಸುತ್ತುಗಳೇ ದಣಿವಿನ ದೊಡ್ಡ ಪಾಲು, ಮತ್ತು ಭಾರವಿಲ್ಲದ ಆ ಸುತ್ತುಗಳಲ್ಲಿ ಕೆಡುವುದೇನೂ ಇಲ್ಲ. ಪಾದ ನೆಲ ಮುಟ್ಟುವವರೆಗೆ ಡ್ರಿಲ್, ಕೊನೆಯ ಬಿಗಿತ ಕೈಯಿಂದ. ಗಾಡಿ ಅಲುಗದಂತೆ ಆನಿಸುವುದಷ್ಟೇ ಈ ಜಾಕ್‌ಗಳ ಕೆಲಸ. ಇವುಗಳಿಂದ ಗಾಡಿಯನ್ನು ಎತ್ತಿ ಸಮ ಮಾಡಲು ಹೋದರೆ ಗಾಡಿಯ ತಳದ ಚೌಕಟ್ಟಾದ ಚಾಸಿಯೇ ತಿರುಚಿಕೊಳ್ಳುತ್ತದೆ. ಇಷ್ಟಕ್ಕೇ ನಿಮ್ಮ ಭುಜಕ್ಕೆ ಸಾಕಷ್ಟು ಬಿಡುವು ಸಿಕ್ಕಿ, ಛಾವಣಿಯನ್ನು ಕೈಯಿಂದಲೇ ಎತ್ತಬಹುದು ಎನ್ನಿಸಿದರೂ ಆಶ್ಚರ್ಯವಿಲ್ಲ.

5. ಛಾವಣಿಯ ಭಾರ ಇಳಿಸಿ, ಚಿಲಕ ತೆಗೆಯಿರಿ. ಸೈಕಲ್, ದೋಣಿ, ಮೇಲೆ ಕಟ್ಟಿದ ಎಲ್ಲವನ್ನೂ ಇಳಿಸಿ. ನಿಂತ ನೀರು, ಹಿಮ ಇದ್ದರೆ ತೆಗೆಯಿರಿ. ಛಾವಣಿಯ ಮೇಲಿನ ಏರ್ ಕಂಡೀಷನರ್ ಒಂದೇ 35ರಿಂದ 45 ಕಿಲೋ ತೂಗುತ್ತದೆ. ಗಾಡಿಯೊಡನೆ ಬಂದದ್ದಲ್ಲದೆ ಆಮೇಲೆ ಯಾರೋ ಕೂರಿಸಿದ್ದಾದರೆ ಛಾವಣಿ ಅದನ್ನು ತಾಳುತ್ತದೆಯೇ ಎಂದು ವಿಚಾರಿಸಿಕೊಳ್ಳಿ. ಆಮೇಲೆ ಗಾಡಿಯನ್ನು ಪೂರ್ತಿ ಒಂದು ಸುತ್ತು ಬಂದು ಪ್ರತಿ ಚಿಲಕವನ್ನೂ ಕೈಯಿಂದ ಮುಟ್ಟಿ ನೋಡಿ. ಒಂದು ಚಿಲಕ ಉಳಿದಿದ್ದರೆ ಡ್ರಿಲ್ ಮೂರು ಮೂಲೆ ಎತ್ತುತ್ತದೆ, ನಾಲ್ಕನೆಯದನ್ನು ಆ ಚಿಲಕ ಕೆಳಗೇ ಹಿಡಿದಿಡುತ್ತದೆ, ಛಾವಣಿಯ ಚೌಕಟ್ಟು ತಿರುಚಿಹೋಗುತ್ತದೆ. ಈ ತಪ್ಪಿಗೆ ಅಗ್ಗದ ರಿಪೇರಿ ಇಲ್ಲ.

6. ಮೊದಲ ಒಂದು ಗೇಣು ಕೈಯಿಂದ. ಆಮೇಲೆ ನಿಲ್ಲಿಸಿ, ಮತ್ತೊಂದು ಸುತ್ತು ಬನ್ನಿ. ನಾಲ್ಕೂ ಮೂಲೆ ಒಂದೇ ಎತ್ತರಕ್ಕೆ ಎದ್ದಿವೆಯೇ? ಕ್ಯಾನ್ವಾಸ್ ಎಲ್ಲಾದರೂ ಕಚ್ಚಿಕೊಂಡಿದೆಯೇ? ಉರುಳೆಯ ಮೇಲೆ ಕೇಬಲ್ ಸಾಲಾಗಿ ಸುತ್ತಿಕೊಳ್ಳುತ್ತಿದೆಯೇ? ಎಲ್ಲ ಸರಿಯಿದ್ದರೆ ಮಾತ್ರ ಮುಂದೆ.

7. ಈಗ ಡ್ರಿಲ್. ವೇಗ 1ರಲ್ಲಿ ಇಡಿ. ಕ್ಲಚ್ಚನ್ನು ತೀರಾ ಕಡಿಮೆ ಅಂಕಿಯಿಂದ ಆರಂಭಿಸಿ, ಛಾವಣಿ ಏಳುವಷ್ಟು ಮಾತ್ರ ಒಂದೊಂದೇ ಅಂಕಿ ಏರಿಸಿ. ರಂಧ್ರ ಕೊರೆಯುವ ಚಿತ್ರವಿರುವ ಸ್ಥಾನಕ್ಕೆ ಉಂಗುರವನ್ನು ತಿರುಗಿಸಬೇಡಿ, ಅಲ್ಲಿ ಕ್ಲಚ್ ಕೆಲಸ ಮಾಡುವುದಿಲ್ಲ. ಅಡಾಪ್ಟರ್ ದಂಡದ ನೇರಕ್ಕೆ ಇರಲಿ, ಎರಡೂ ಕೈ ಡ್ರಿಲ್ ಮೇಲಿರಲಿ, ಸಡಿಲ ತೋಳಿನ ಅಂಗಿ, ಜೋಲಾಡುವ ದುಪಟ್ಟಾ ದೂರವಿರಲಿ.

ಕಡಿಮೆ ವೇಗದಲ್ಲೂ ಡ್ರಿಲ್ ನಿಮಿಷಕ್ಕೆ 400ರಿಂದ 500 ಸುತ್ತು ತಿರುಗಬಲ್ಲದು. ಕೈ ಅದರ ಹತ್ತನೆಯ ಒಂದು ಭಾಗವನ್ನೂ ಮುಟ್ಟುವುದು ಕಷ್ಟ. ಗುಂಡಿಯನ್ನು ಹಗುರವಾಗಿ ಒತ್ತಿ, ಸೆಕೆಂಡಿಗೆ ಒಂದೆರಡು ಸುತ್ತು ಸಾಕು. ಭಾರ ಹೊತ್ತು ನಿಧಾನವಾಗಿ ತಿರುಗುವಾಗ ಮೋಟಾರ್ ಬೇಗ ಬಿಸಿಯಾಗುತ್ತದೆ, ಆದ್ದರಿಂದ ನಡುನಡುವೆ ನಿಲ್ಲಿಸಿ. ಆ ಬಿಡುವಿನಲ್ಲಿ ಮೂಲೆಗಳನ್ನು ನೋಡಿ. ಇನ್ನೊಬ್ಬರು ಗಾಡಿಯ ಆ ಬದಿಯಲ್ಲಿ ನಿಂತು ನೋಡುತ್ತಾ "ನಿಲ್ಲಿಸಿ" ಎಂದು ಕೂಗುವಂತಿದ್ದರೆ ಬಹಳ ಒಳ್ಳೆಯದು. ಮಕ್ಕಳು ದೂರ. ಯಾರೂ ಒಳಗೆ ತಲೆ ಹಾಕುವಂತಿಲ್ಲ.

ಕ್ಲಚ್ ಜಾರಿದರೆ ಅಂಕಿ ಏರಿಸುವ ಮುನ್ನ ಕಾರಣ ಹುಡುಕಿ. ಇಷ್ಟು ಹೊತ್ತು ಸಲೀಸಾಗಿ ಎದ್ದ ಛಾವಣಿ ಈಗ ಬಿಗಿಯಾಯಿತೆಂದರೆ ಎಲ್ಲೋ ಏನೋ ಸಿಕ್ಕಿಕೊಂಡಿದೆ. ಟಿಕ್ ಟಿಕ್ ನಿಂತುಹೋದರೆ, ಒಂದು ಮೂಲೆ ಹಿಂದೆ ಬಿದ್ದರೆ, ಟಪ್ ಎಂಬ ಸದ್ದು ಬಂದರೆ ಡ್ರಿಲ್ ಕೆಳಗಿಡಿ. ಮುಂದಿನದೆಲ್ಲ ಕೈಯಿಂದ.

8. ಕೊನೆಯ ಭಾಗ ಕೈಯಿಂದ. ಹೆಚ್ಚಿನ ಗಾಡಿಗಳಲ್ಲಿ ತುದಿ ಮುಟ್ಟಿದಾಗ ತಾನಾಗಿ ನಿಲ್ಲುವ ವ್ಯವಸ್ಥೆ ಇರುವುದಿಲ್ಲ. ತುದಿಯ ನಂತರ ಇನ್ನೊಂದೆರಡು ಸುತ್ತು ತಿರುಗಿಸಿದರೆ ಕೇಬಲ್ ಕಡಿಯಬಹುದು, ಕಂಬ ಕೊಳವೆಯಿಂದ ಆಚೆ ಬರಬಹುದು. ಕೆಲವು ಮಾದರಿಗಳಲ್ಲಿ ಒಂದು ಮೂಲೆಯಲ್ಲಿ ತೆಳು ತಂತಿಯಿದ್ದು, ಅದು ಬಿಗಿಯಾದ ಕೂಡಲೇ ನಿಲ್ಲಿಸಬೇಕು. ಅಂಥ ತಂತಿ ಇಲ್ಲದಿದ್ದರೆ ಒಮ್ಮೆ ಪೂರ್ತಿ ಕೈಯಿಂದಲೇ ಎತ್ತಿ ಸುತ್ತುಗಳನ್ನು ಎಣಿಸಿ, ವಿಂಚಿನ ಪಕ್ಕದಲ್ಲೇ ಪೆನ್ನಿನಿಂದ ಬರೆದಿಡಿ. ತುದಿಗೆ ಒಂದು ಗೇಣು ಉಳಿದಿರುವಾಗ ಎಷ್ಟು ಸುತ್ತಾಗಿರುತ್ತದೆ ಎಂಬುದನ್ನೂ ಬರೆಯಿರಿ. ಡ್ರಿಲ್ ಅಲ್ಲಿಯವರೆಗೆ ಮಾತ್ರ. ಬಾಗಿಲು ತನ್ನ ಚೌಕಟ್ಟಿಗೆ ಸರಿಯಾಗಿ ಕೂರುವಂತಿದ್ದು ಕ್ಯಾನ್ವಾಸ್ ಅತಿಯಾಗಿ ಎಳೆದುಕೊಂಡಿಲ್ಲದಿದ್ದರೆ ಎತ್ತರ ಸರಿಯಿದೆ.

9. ಆನಿಕೆ ಕೊಟ್ಟ ಮೇಲೆ ಒಳಗೆ. ಡ್ರಿಲ್ ಬಿಡಿಸಿ, ದಿಕ್ಕು ಬದಲಿಸುವ ಗುಂಡಿಯನ್ನು ನಡುವಿಗೆ ಇಟ್ಟು ಬದಿಗಿಡಿ. ಗಾಡಿಯೊಡನೆ ಬಂದ ಆನಿಕೆ ಕೋಲುಗಳಿದ್ದರೆ ಜೋಡಿಸಿ. ರಿಪೇರಿಗೆಂದು ಛಾವಣಿಯ ಕೆಳಗೆ ಹೋಗುವುದಾದರೆ ನಾಲ್ಕು ಮೂಲೆಗೂ ಅಳತೆಗೆ ಕತ್ತರಿಸಿದ ಮರದ ಕಂಬ ಕೊಡದೆ ಹೋಗಬೇಡಿ, ಕೇಬಲ್ಲೊಂದನ್ನೇ ನಂಬಬಾರದು. ಗಾಡಿಯ ತುದಿಗಳಲ್ಲಿ ಹೊರಚಾಚುವ ಮಂಚಗಳನ್ನು ಎಳೆಯುವುದು ಛಾವಣಿ ಪೂರ್ತಿ ಎದ್ದ ಮೇಲೆ.

ಇಳಿಸುವಾಗ

ಎತ್ತುವಾಗ ತಪ್ಪಾದರೆ ಗಾಡಿ ಕೆಡುತ್ತದೆ. ಇಳಿಸುವಾಗ ತಪ್ಪಾದರೆ ಛಾವಣಿ ಮನುಷ್ಯರ ಮೇಲೆ ಬೀಳುತ್ತದೆ. ಇಳಿಸುವಾಗ ಭಾರವನ್ನು ತಡೆಯುವುದು ಬ್ರೇಕ್ ಬಿಲ್ಲೆಗಳ ಘರ್ಷಣೆ. ಡ್ರಿಲ್‌ನ ವೇಗಕ್ಕೆ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಒಂದು ಕಂಬ ಮೇಲೆಯೇ ಸಿಕ್ಕಿಕೊಂಡಿದೆ ಎನ್ನಿ. ಕೈಯಿಂದ ತಿರುಗಿಸುವಾಗ ಕೇಬಲ್ ಸಡಿಲವಾದದ್ದು ತಕ್ಷಣ ತಿಳಿಯುತ್ತದೆ. ಡ್ರಿಲ್ ಮಾತ್ರ ಕೇಬಲ್ ಬಿಚ್ಚುತ್ತಲೇ ಹೋಗುತ್ತದೆ. ಆಮೇಲೆ ಕಂಬ ಒಮ್ಮೆಲೇ ಬಿಟ್ಟುಕೊಂಡರೆ ಛಾವಣಿ ಆ ಸಡಿಲವಿರುವಷ್ಟೂ ದೂರ ಕುಸಿಯುತ್ತದೆ. ಛಾವಣಿ ಪೂರ್ತಿ ಇಳಿದ ಮೇಲೂ ತಿರುಗಿಸಿದರೆ ಕೇಬಲ್ ಉರುಳೆಯಿಂದ ಪೂರ್ತಿ ಬಿಚ್ಚಿ, ಎದುರು ದಿಕ್ಕಿನಲ್ಲಿ ಸುತ್ತಿಕೊಳ್ಳಲು ಶುರುವಾಗುತ್ತದೆ. ವಿಂಚಿನ ಬ್ರೇಕ್ ಒಂದೇ ದಿಕ್ಕಿಗೆ ಕೆಲಸ ಮಾಡುವಂಥದ್ದು. ತಿರುಗುಮುರುಗಾಗಿ ಸುತ್ತಿದ ಕೇಬಲ್‌ನಲ್ಲಿ ಮುಂದಿನ ಸಲ ಛಾವಣಿ ಎತ್ತಿದರೆ ಅದನ್ನು ಹಿಡಿದು ನಿಲ್ಲಿಸುವುದು ಏನೂ ಇರುವುದಿಲ್ಲ. ಎತ್ತುವಾಗ ಟಿಕ್ ಟಿಕ್ ಕೇಳಿಸದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಆದ್ದರಿಂದ ಮಂಚಗಳನ್ನು ಒಳಗೆ ತಳ್ಳಿ, ಬಾಗಿಲನ್ನು ಅದರ ಜಾಗಕ್ಕೆ ಸೇರಿಸಿ, ಆನಿಕೆ ಕೋಲು ತೆಗೆದು, ಗಾಳಿ ಹೊರಹೋಗಲು ಛಾವಣಿಯ ಕಿಂಡಿಯನ್ನೋ ಒಂದು ಕಿಟಕಿಯನ್ನೋ ತೆರೆದಿಟ್ಟು, ಕೈಯಿಂದ ನಿಧಾನವಾಗಿ ಇಳಿಸಿ. ಗಾಳಿಗೆ ದಾರಿಯಿಲ್ಲದಿದ್ದರೆ ಕ್ಯಾನ್ವಾಸ್ ಹೊರಗೆ ಉಬ್ಬಿ ಛಾವಣಿಯ ಅಂಚಿಗೆ ಸಿಕ್ಕಿ ಹರಿಯುತ್ತದೆ. ಎರಡು ಮೂರು ಕಡೆ ನಿಲ್ಲಿಸಿ ಬಟ್ಟೆಯನ್ನು ಒಳಗೆ ಸೇರಿಸುತ್ತಾ ಬನ್ನಿ, ಬೆರಳು ಜೋಪಾನ. ಕೇಬಲ್ ಸಡಿಲಾಗುತ್ತಿದ್ದಂತೆಯೇ ನಿಲ್ಲಿಸಿ. ಭಾರ ನಿಮ್ಮ ಕಡೆಗಿರುವುದರಿಂದ ಇಳಿಸಲು ಭುಜದ ಬಲ ಅಷ್ಟೇನೂ ಬೇಡ.

ಪೂರ್ತಿ ವಿದ್ಯುತ್ ವಿಂಚ್ ಹಾಕಿಸಿದರೆ?

ಇದೂ ಪದೇ ಪದೇ ಬರುವ ಪ್ರಶ್ನೆ. ಕಾರ್ಖಾನೆಯಿಂದಲೇ 12 ವೋಲ್ಟ್ ಮೋಟಾರ್ ಹಾಕಿ ಬಂದ ಗಾಡಿಗಳಿವೆ, ಅವು ಬೇರೆ ಮಾತು. ದೋಣಿಯನ್ನೋ ಕೆಸರಿನಲ್ಲಿ ಹೂತ ವಾಹನವನ್ನೋ ಎಳೆಯಲು ಮಾಡಿದ ವಿದ್ಯುತ್ ವಿಂಚನ್ನು ತಂದು ಜೋಡಿಸುವುದು ಮಾತ್ರ ಬೇಡ. ಅವು ಅಡ್ಡಲಾಗಿ ಎಳೆಯುವುದಕ್ಕೆ. ತಲೆಯ ಮೇಲೆ ಭಾರವನ್ನು ದಿನಗಟ್ಟಲೆ ಹಿಡಿದು ನಿಲ್ಲಿಸುವುದಕ್ಕಲ್ಲ.

ಡ್ರಿಲ್‌ಗಾಗಲಿ ಹೊಸ ವಿಂಚಿಗಾಗಲಿ ಹಣ ಹಾಕುವ ಮುನ್ನ ಇನ್ನೊಂದು ವಿಷಯ ನೋಡಿ. ಸರಿಯಾಗಿರುವ ಗಾಡಿಯ ಛಾವಣಿಯನ್ನು ಎತ್ತಲು ಸಾಧಾರಣ ಬಲದ ವಯಸ್ಕರೊಬ್ಬರಿಗೆ ವಿಪರೀತ ಕಷ್ಟವಾಗಬಾರದು. ಆಗುತ್ತಿದ್ದರೆ ರಾಟೆ ತುಕ್ಕು ಹಿಡಿದಿದೆ, ಕಂಬ ಒಣಗಿದೆ, ಕೇಬಲ್ ರಾಟೆಯಿಂದ ಜಾರಿದೆ, ಇಲ್ಲವೇ ನೀರು ಕುಡಿದ ಛಾವಣಿಯ ಮರ ಭಾರವಾಗಿದೆ. ಡ್ರಿಲ್ ಇದಾವುದನ್ನೂ ಸರಿಪಡಿಸುವುದಿಲ್ಲ, ಮುರಿಯುವವರೆಗೆ ಮುಚ್ಚಿಡುತ್ತದೆ. ಕ್ಯಾಂಪಿಂಗ್ ಕಾಲ ಶುರುವಾದ ಮೇಲೆ ರಿಪೇರಿ ಅಂಗಡಿಗಳಲ್ಲಿ ಸರದಿ ಉದ್ದವಾಗುತ್ತದೆ; ಮಾರ್ಚ್ ತಿಂಗಳಲ್ಲೇ ತೋರಿಸಿಬಿಡಿ.